ಕರೆಂಟ್ ಕಂಪನಿಯವರು ನಮ್ಮ ಗೀಸರ್ ಆರಿಸಬಹುದಾ? ಹೊಸ ಮೀಟರ್, ವೈರ್‌ಲೆಸ್ ಸ್ವಿಚ್ ಬಗ್ಗೆ ನಿಮ್ಮ ಅನುಭವ ಬೇಕು

ಮೊದಲ ಮಹಡಿ:

ಎಲ್ಲರಿಗೂ ನಮಸ್ಕಾರ. ನಮ್ಮ ಕರೆಂಟ್ ಕಂಪನಿಯಿಂದ ಒಂದು ಪತ್ರ ಬಂದಿದೆ. ತಾನೇ ರೀಡಿಂಗ್ ಕಳಿಸುವ ಸ್ಮಾರ್ಟ್ ಮೀಟರ್ ಆಗಲೇ ಹಾಕಿ ಹೋಗಿದ್ದಾರೆ. ಈಗ ಗೀಸರ್‌ಗೆ ಒಂದು ವೈರ್‌ಲೆಸ್ ಸ್ವಿಚ್, ಮನೆಯೊಳಗೆ ಇಡೋಕೆ ಒಂದು ಚಿಕ್ಕ ಡಿಸ್‌ಪ್ಲೇ ಪುಕ್ಕಟೆ ಕೊಡುತ್ತಾರಂತೆ. ಅದಕ್ಕೆ ಬದಲಾಗಿ, ಲೋಡ್ ಜಾಸ್ತಿ ಇರುವ ಸಂಜೆಗಳಲ್ಲಿ ವರ್ಷಕ್ಕೆ ಕೆಲವು ಸಲ ಅವರೇ ದೂರದಿಂದ ಗೀಸರ್ ಆರಿಸಲು ನಾವು ಒಪ್ಪಬೇಕು. ಒಪ್ಪಿದರೆ ಬಿಲ್ಲಿನಲ್ಲಿ ಸ್ವಲ್ಪ ರಿಯಾಯಿತಿ.

ಮನೆಯಲ್ಲಿ ಅಮ್ಮ ಇದ್ದಾರೆ. ಮಂಡಿನೋವು. ಸಂಜೆ ಬಿಸಿನೀರು ಇಲ್ಲದಿದ್ದರೆ ಅವರಿಗೆ ಕಷ್ಟ. ಹಾಗಂತ ಸುಮ್ನೆ ಬೇಡ ಅನ್ನೋಕೂ ಮನಸ್ಸಿಲ್ಲ. ಮನೆಯಲ್ಲಿ ಆಗಲೇ ನಾಲ್ಕು ವೈಫೈ ಪ್ಲಗ್, ಆರು ಜಿಗ್‌ಬೀ (ವೈಫೈ ಥರದ್ದೇ ಇನ್ನೊಂದು ಚಿಕ್ಕ ರೇಡಿಯೋ ಜಾಲ) ಬಲ್ಬ್ ಇವೆ. ಅವುಗಳೇ ಆಗಾಗ ಕೈಕೊಡುತ್ತವೆ. ಇನ್ನೊಂದನ್ನು ಸೇರಿಸಿಕೊಳ್ಳಬೇಕಾ? ಇಂಥ ಯೋಜನೆಗೆ ಸೇರಿದವರು ಇದ್ದರೆ ದಯವಿಟ್ಟು ಬರೆಯಿರಿ.

ಲೆಕ್ಕದ ಪುಸ್ತಕ:

ಮೊದಲು ಬಿಸಿನೀರಿನ ಲೆಕ್ಕ ನೋಡೋಣ, ಭಯ ಅರ್ಧ ಕಡಿಮೆಯಾಗುತ್ತದೆ. 50 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 2.3 ಯೂನಿಟ್ ಬೇಕು. 2 ಕಿಲೊವ್ಯಾಟ್ ಗೀಸರ್ ಆದರೆ ಸುಮಾರು 70 ನಿಮಿಷ. ಒಮ್ಮೆ ಕಾದ ಮೇಲೆ, ಸುತ್ತ ಒಳ್ಳೆಯ ಹೊದಿಕೆ ಇರುವ ಟ್ಯಾಂಕು ಎರಡು ಮೂರು ಗಂಟೆಯಲ್ಲಿ ಕೆಲವೇ ಡಿಗ್ರಿ ತಣಿಯುತ್ತದೆ. ಅಂದರೆ ಸಂಜೆ ಆರಿಸುವ ಮೊದಲೇ ಕಾಯಿಸಿಟ್ಟರೆ ಅಮ್ಮನಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಕಂಪನಿಗಳು ಮೊದಲು ಗೀಸರ್ ಕೇಳುವುದೂ ಇದಕ್ಕೇ. ಅದು ಕರೆಂಟನ್ನು ಬಿಸಿಯಾಗಿ ಕೂಡಿಡುವ ಪಾತ್ರೆ ಇದ್ದ ಹಾಗೆ.

ಆದ್ದರಿಂದ ನೀವು ಕೇಳಬೇಕಾದ ಪ್ರಶ್ನೆ ಎಷ್ಟು ಸಲ ಆರಿಸುತ್ತಾರೆ ಅನ್ನುವುದಲ್ಲ. ಎಷ್ಟು ಹೊತ್ತು ಮುಂಚೆ ತಿಳಿಸುತ್ತಾರೆ ಅನ್ನುವುದು.

ಬಾಗಿಲ ಚಿಲಕ:

ಲೆಕ್ಕ ಸರಿ. ಆದರೆ ಸ್ವಿಚ್ಚು ಯಾರ ಕೈಯಲ್ಲಿದೆ ಅನ್ನುವುದೇ ನನಗೆ ದೊಡ್ಡ ವಿಷಯ. 2022ರ ಆಗಸ್ಟ್ ಕೊನೆಯಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಏನಾಯಿತು ನೋಡಿ. ರಿಯಾಯಿತಿಗೆ ಒಪ್ಪಿ ಇಂಥದೇ ಯೋಜನೆಗೆ ಸೇರಿದ್ದ ಸುಮಾರು 22,000 ಮನೆಗಳ, ಎಸಿಯ ತಂಪು ನಿಯಂತ್ರಿಸುವ ಥರ್ಮೋಸ್ಟಾಟ್‌ಗಳನ್ನು ಸೆಕೆಯ ದಿನ ಕಂಪನಿ ಲಾಕ್ ಮಾಡಿತು. ಬೇರೆ ದಿನ ಆಗಿದ್ದರೆ ಮನೆಯವರು ಬೇಡ ಅಂತ ಬದಲಾಯಿಸಬಹುದಿತ್ತು. ಅವತ್ತು ತುರ್ತು ಪರಿಸ್ಥಿತಿ ಅಂತ ಆ ದಾರಿಯೂ ಮುಚ್ಚಿತ್ತು. ಕರಾರಿನಲ್ಲಿ ಅದಕ್ಕೆ ಅವಕಾಶ ಇತ್ತು ನಿಜ. ಆದರೆ ಸೆಕೆಯಲ್ಲಿ ಕೂತು ಥರ್ಮೋಸ್ಟಾಟ್ ಒತ್ತಿ, ಅದು ಮಾತು ಕೇಳದೇ ಹೋದಾಗಲೇ ಎಷ್ಟೋ ಜನಕ್ಕೆ ಅದು ತಿಳಿದದ್ದು.

ಅದಕ್ಕೇ ಹೇಳುವುದು, ಪತ್ರದಲ್ಲಿ "ತುರ್ತು" ಅನ್ನುವ ಪದ ಎಲ್ಲಿದೆ ಹುಡುಕಿ. ಆಗಲೂ ಬಟನ್ ಒತ್ತಿ ಗೀಸರ್ ಹಾಕಿಕೊಳ್ಳಬಹುದು ಅಂತ ಬರೆದಿಲ್ಲದಿದ್ದರೆ ಸಹಿ ಹಾಕಬೇಡಿ.

ಹಳೆ ಮೀಟರ್:

ನಾನು ಒಂದು ವಿದ್ಯುತ್ ಕಂಪನಿಯ ಮೀಟರ್ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತನಾದವನು. ಒಳಗಿನಿಂದ ಹೇಗೆ ಕಾಣುತ್ತದೆ ಅಂತ ಸ್ವಲ್ಪ ಹೇಳುತ್ತೇನೆ.

ಎಲ್ಲರೂ ಮನೆಗೆ ಬಂದು ಒಟ್ಟಿಗೆ ದೀಪ, ಒಲೆ, ಗೀಸರ್ ಹಾಕುವ ಆ ಎರಡು ಮೂರು ಗಂಟೆಗಾಗಿಯೇ ಕೆಲವು ವಿದ್ಯುತ್ ಸ್ಥಾವರಗಳು ವರ್ಷವಿಡೀ ಕಾದು ಕೂತಿರುತ್ತವೆ. ತಂತಿ, ಟ್ರಾನ್ಸ್‌ಫಾರ್ಮರ್ ಎಲ್ಲದರ ಗಾತ್ರವನ್ನೂ ಆ ಒಂದು ಗಳಿಗೆಗೆ ಲೆಕ್ಕ ಹಾಕಿ ಇಡಬೇಕು. ಬೇಡಿಕೆಯ ಆ ಶಿಖರ ಸ್ವಲ್ಪ ತಗ್ಗಿದರೂ ಉಳಿತಾಯ ದೊಡ್ಡದು. ಸೌರ ವಿದ್ಯುತ್ ಜಾಸ್ತಿಯಾದ ಕಡೆ ಇದು ಇನ್ನೂ ಕಠಿಣ. ಮಧ್ಯಾಹ್ನ ಕರೆಂಟ್ ಹೆಚ್ಚಾಗುತ್ತದೆ, ಸೂರ್ಯ ಮುಳುಗುವ ಹೊತ್ತಿಗೇ ಬೇಡಿಕೆ ಏರುತ್ತದೆ. ಹಾಗಾಗಿ ಗೀಸರನ್ನು ಮಧ್ಯಾಹ್ನಕ್ಕೆ ತಳ್ಳುವುದು ಒಳ್ಳೆಯ ಉಪಾಯವೇ.

ಕಷ್ಟ ಇರುವುದು ವಾಪಸ್ ಹಾಕುವಾಗ. ಸಾವಿರಾರು ಗೀಸರ್‌ಗಳನ್ನು ಎರಡು ಗಂಟೆ ಆರಿಸಿ, ಒಂದೇ ನಿಮಿಷಕ್ಕೆ ಎಲ್ಲವನ್ನೂ ಹಾಕಿದರೆ ಏನಾಗುತ್ತದೆ? ಮಾಮೂಲಿ ದಿನ ಒಂದು ಮನೆಯ ಗೀಸರ್ ಕಾಯುವಾಗ ಪಕ್ಕದ ಮನೆಯದು ನೀರು ಕಾದು ಥರ್ಮೋಸ್ಟಾಟ್‌ನಿಂದ ತಾನೇ ಆರಿರುತ್ತದೆ. ಈಗ ಎಲ್ಲವೂ ತಣಿದಿವೆ, ಎಲ್ಲವೂ ಒಟ್ಟಿಗೆ ಎಳೆಯುತ್ತವೆ. ಮೊದಲಿಗಿಂತ ಎತ್ತರದ ಹೊಸ ಶಿಖರ ಎದ್ದು ನಿಲ್ಲುತ್ತದೆ. ಅದಕ್ಕೇ ಒಳ್ಳೆಯ ಯೋಜನೆಯಲ್ಲಿ ಒಂದೊಂದು ಮನೆಯ ಸ್ವಿಚ್ಚೂ ಬೇರೆ ಬೇರೆ ನಿಮಿಷಕ್ಕೆ ಹಿಂದಿರುಗುತ್ತದೆ. ಕಂಪನಿಯವರಿಗೆ ಫೋನ್ ಮಾಡಿ, "ವಾಪಸ್ ಹಾಕುವಾಗ ಹಂತ ಹಂತವಾಗಿ ಹಾಕುತ್ತೀರಾ?" ಅಂತ ಕೇಳಿ. ಅವರು ಉತ್ತರಿಸುವ ರೀತಿಯಿಂದಲೇ ಯೋಜನೆಯ ಗುಣಮಟ್ಟ ಗೊತ್ತಾಗುತ್ತದೆ.

ಇನ್ನೊಂದು ಮಾತು. ನಮ್ಮ ಕಚೇರಿಯಲ್ಲಿ ಮೀಟರ್ ಹಾಕುವುದಕ್ಕೆ ಬೇಕಾದಷ್ಟು ಹಣ ಇತ್ತು. ಹಾಕಿದ ಮೇಲೆ ಗ್ರಾಹಕರ ಜೊತೆ ಮಾತಾಡುವುದಕ್ಕೆ ಮಾತ್ರ ಜನ ಇರಲಿಲ್ಲ. 15 ನಿಮಿಷಕ್ಕೊಂದು ರೀಡಿಂಗ್ ನಮ್ಮ ಕಂಪ್ಯೂಟರ್‌ಗೆ ಬರುತ್ತಿತ್ತು, ಮನೆಯವರ ಕೈಗೆ ಹೋಗುತ್ತಿದ್ದದ್ದು ತಿಂಗಳಿಗೊಂದು ಬಿಲ್. ಅದು ತಪ್ಪು ಅಂತ ನನಗೆ ಆಗಲೂ ಅನ್ನಿಸುತ್ತಿತ್ತು. ಮನೆಯ ಮಾಹಿತಿ ಮೊದಲು ಮನೆಯವರಿಗೆ ಸಿಗಬೇಕು.

ಬಾಗಿಲ ಚಿಲಕ:

ಹಳೆ ಮೀಟರ್ ಅವರೇ, ಆ ಕೊನೆಯ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಆದರೆ ಆ 15 ನಿಮಿಷದ ರೀಡಿಂಗ್ ಏನೇನು ಹೇಳುತ್ತದೆ ಅಂತಲೂ ಜನಕ್ಕೆ ಗೊತ್ತಿರಬೇಕು. ಯಾವಾಗ ಏಳುತ್ತೀರಿ, ಯಾವಾಗ ಮನೆ ಖಾಲಿ, ರಾತ್ರಿ ಯಾರಾದರೂ ಎದ್ದಿರುತ್ತಾರಾ, ಎಲ್ಲ. ಇನ್ನೂ ಸೂಕ್ಷ್ಮವಾಗಿ ಅಳೆದರೆ ಯಾವ ಯಂತ್ರ ಯಾವಾಗ ಓಡಿತು ಅಂತ ಒಂದೇ ಮೀಟರಿನಿಂದ ಬಿಡಿಸಬಹುದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಸಂಶೋಧಕ ಜಾರ್ಜ್ ಹಾರ್ಟ್ ಈ ವಿಧಾನವನ್ನು 1980ರ ದಶಕದಲ್ಲೇ ಕಟ್ಟಿದ್ದರು. ಫ್ರಿಜ್ ಶುರುವಾದಾಗ ಕರೆಂಟ್ ಬಳಕೆ ಏರುವ ಮೆಟ್ಟಿಲು ಬೇರೆ, ಹೀಟರ್‌ದು ಬೇರೆ.

2009ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಸತ್ತಿನ ಮೇಲ್ಮನೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡುವ ಮಸೂದೆಯನ್ನು ತಡೆದದ್ದು ಇದೇ ಖಾಸಗಿತನದ ಚಿಂತೆಯಿಂದ. ಆಮೇಲೆ ಅಲ್ಲಿ ಬೇಡ ಅನ್ನುವ ಹಕ್ಕು ಸೇರಿಸಿ ಯೋಜನೆ ತಂದರು. ಅಲ್ಲಿನ ಮೀಟರ್‌ಗಳಲ್ಲಿ ಪಿ1 ಅಂತ ಒಂದು ಪೋರ್ಟ್ ಇದೆ. ಮನೆಯವರು ಅದಕ್ಕೆ ತಂತಿ ಸಿಕ್ಕಿಸಿ ತಮ್ಮದೇ ಸಾಧನದಲ್ಲಿ ರೀಡಿಂಗ್ ನೋಡಬಹುದು. ಹೊಸ ಮೀಟರ್‌ಗಳು ಸೆಕೆಂಡಿಗೊಮ್ಮೆ ಕೊಡುತ್ತವೆ. ಯಾವ ಕಂಪನಿಯ ಸರ್ವರ್ ಕೂಡ ನಡುವೆ ಬರುವುದಿಲ್ಲ. ನನಗೆ ಬೇಕಾದದ್ದು ಇಂಥದು.

ಮೊದಲ ಮಹಡಿ:

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ. ಪತ್ರ ಮತ್ತೆ ಓದಿದೆ. "ಗ್ರಾಹಕರು ಯಾವಾಗ ಬೇಕಾದರೂ ಸ್ವಿಚ್ ಮೇಲಿನ ಬಟನ್ ಒತ್ತಿ ಹೊರಬರಬಹುದು" ಅಂತ ಇದೆ. ತುರ್ತು ಅನ್ನುವ ಪದ ಎಲ್ಲೂ ಇಲ್ಲ. ಎರಡು ಗಂಟೆ ಮುಂಚೆ ಮೆಸೇಜ್ ಬರುತ್ತದಂತೆ. ಡಿಸ್‌ಪ್ಲೇ ಮೀಟರಿನ ಜೊತೆ ನೇರವಾಗಿ ಜಿಗ್‌ಬೀಯಲ್ಲಿ ಮಾತಾಡುತ್ತದೆ ಅಂತ ಬರೆದಿದ್ದಾರೆ. ನಮ್ಮ ಮೀಟರ್ ಕೆಳಗೆ ಮೆಟ್ಟಿಲ ಹತ್ತಿರ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ನಾವಿರುವುದು ಮೇಲೆ. ಸಿಗ್ನಲ್ ಬರುತ್ತದಾ? ಮತ್ತೆ ನನ್ನ ಬಲ್ಬುಗಳು ಯಾಕೆ ಆಗಾಗ ಕಾಣೆಯಾಗುತ್ತವೆ?

ಮೆಶ್ ಮೇಸ್ತ್ರಿ:

ಇದು ನನ್ನ ಇಷ್ಟದ ವಿಷಯ, ಸ್ವಲ್ಪ ಉದ್ದ ಆಗಬಹುದು.

ಬಲ್ಬ್‌ನಿಂದ ಶುರು ಮಾಡೋಣ. ಜಿಗ್‌ಬೀ ಮೆಶ್ ಜಾಲ. ನೇರ ಕರೆಂಟಿನಲ್ಲಿ ನಡೆಯುವ ಹೆಚ್ಚಿನ ಸಾಧನಗಳು ಪಕ್ಕದ ಸಾಧನದ ಮಾತನ್ನು ಮುಂದಕ್ಕೆ ದಾಟಿಸುತ್ತವೆ. ಬ್ಯಾಟರಿಯ ಸೆನ್ಸರ್‌ಗಳು ದಾಟಿಸುವುದಿಲ್ಲ, ಅವು ಹೆಚ್ಚು ಹೊತ್ತು ಮಲಗಿರುತ್ತವೆ. ಈಗ ಯೋಚನೆ ಮಾಡಿ. ನಿಮ್ಮ ಮನೆಯಲ್ಲಿ ಯಾರೋ ಗೋಡೆಯ ಸ್ವಿಚ್ ಒತ್ತಿ ಹಜಾರದ ಬಲ್ಬ್ ಆರಿಸುತ್ತಾರೆ. ಅವರಿಗೆ ಅದು ಬರೀ ದೀಪ. ಆದರೆ ಆ ಬಲ್ಬನ್ನೇ ಸೇತುವೆ ಮಾಡಿಕೊಂಡಿದ್ದ ಆಚೆ ಕೋಣೆಯ ಸಾಧನಗಳೆಲ್ಲ ಆಗ ದಾರಿ ತಪ್ಪುತ್ತವೆ. ನೀವು ಹೇಳುವ "ಕಾಣೆ" ಬಹುಶಃ ಇದೇ. ಬಲ್ಬ್ ಬದಲು ಗೋಡೆಯ ಸ್ವಿಚ್ಚೇ ಸ್ಮಾರ್ಟ್ ಆಗಿದ್ದರೆ ಈ ತೊಂದರೆ ಇರುವುದಿಲ್ಲ, ಮನೆಯವರು ಹೊಸದಾಗಿ ಏನೂ ಕಲಿಯಬೇಕಾಗಿಯೂ ಇಲ್ಲ. ಅಥವಾ ಸದಾ ಕರೆಂಟ್ ಇರುವ ಒಂದೆರಡು ಜಿಗ್‌ಬೀ ಪ್ಲಗ್‌ಗಳನ್ನು ಮನೆಯ ನಡುವೆ ಇಡಿ. ಅವು ಗಟ್ಟಿ ಸೇತುವೆಗಳು.

ಎರಡನೆಯದು ಗದ್ದಲ. ಜಿಗ್‌ಬೀ, ಬ್ಲೂಟೂತ್, ಥ್ರೆಡ್ (ಜಿಗ್‌ಬೀಯಂಥದೇ ಇನ್ನೊಂದು ಮೆಶ್ ಜಾಲ), ಹಳೆಯ ವೈಫೈ ಎಲ್ಲವೂ 2.4 ಗಿಗಾಹರ್ಟ್ಸ್‌ನಲ್ಲೇ ಕೂಗಾಡುತ್ತವೆ. ಮೈಕ್ರೋವೇವ್ ಒಲೆಯೂ ಅಲ್ಲೇ. ಜಿಗ್‌ಬೀಗೆ 11ರಿಂದ 26ರವರೆಗೆ ಚಾನೆಲ್‌ಗಳಿವೆ. ವೈಫೈ ಸಾಮಾನ್ಯವಾಗಿ 1, 6, 11 ಬಳಸುತ್ತದೆ. ಅವುಗಳ ಸಂದುಗಳಲ್ಲಿ ಜಿಗ್‌ಬೀಯ 15, 20, 25 ಕೂರುತ್ತವೆ. ನಿಮ್ಮ ರೂಟರ್ 1ರಲ್ಲಿದ್ದರೆ ಜಿಗ್‌ಬೀಯನ್ನು 20 ಅಥವಾ 25ಕ್ಕೆ ಹಾಕಿ ನೋಡಿ. ಚಾನೆಲ್ ಬದಲಾಯಿಸಿದರೆ ಕೆಲವು ಸಾಧನಗಳನ್ನು ಮತ್ತೆ ಸೇರಿಸಬೇಕಾಗಬಹುದು, ಒಂದು ರಜಾದಿನ ಮಾಡಿ. ಸಾಧನಗಳನ್ನೆಲ್ಲ ನಡೆಸುವ ಹಬ್ ಪೆಟ್ಟಿಗೆಯ ಬದಲು ಕಂಪ್ಯೂಟರ್‌ಗೆ ಜಿಗ್‌ಬೀ ಡಾಂಗಲ್ (ಯುಎಸ್‌ಬಿ ಕಡ್ಡಿ) ಸಿಕ್ಕಿಸಿದ್ದರೆ, ಒಂದು ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಷನ್ ಹಾಕಿ ದೂರ ಇಡಿ. ಯುಎಸ್‌ಬಿ 3.0 ಪೋರ್ಟು ಇದೇ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಚೆಲ್ಲುತ್ತದೆ ಅಂತ ಇಂಟೆಲ್ 2012ರಲ್ಲೇ ಬರೆದಿತ್ತು. ಈ ಒಂದು ತಂತಿಯಿಂದ ಸರಿಹೋದ ಮನೆಗಳನ್ನು ನಾನೇ ಎಷ್ಟೋ ನೋಡಿದ್ದೇನೆ.

ಮೀಟರ್ ವಿಷಯ. ಕಬ್ಬಿಣದ ಪೆಟ್ಟಿಗೆ ಅಂದರೆ ರೇಡಿಯೋಗೆ ಬೀಗ ಹಾಕಿದ ಹಾಗೆ. ಜೊತೆಗೆ ಕಾಂಕ್ರೀಟ್ ಛಾವಣಿ. ಡಿಸ್‌ಪ್ಲೇಯನ್ನು ಮೆಟ್ಟಿಲ ಕಡೆಯ ಗೋಡೆಗೆ ಹತ್ತಿರ ಇಡಿ, ಫ್ರಿಜ್ ಹಿಂದೆ ಅಥವಾ ಕಬ್ಬಿಣದ ಬೀರುವಿನ ಪಕ್ಕ ಬೇಡ. ಆಗದಿದ್ದರೆ ಸಿಗ್ನಲ್ ಮುಂದಕ್ಕೆ ದಾಟಿಸುವ ರಿಪೀಟರ್ ಕೇಳಿ. ಒಂದು ಎಚ್ಚರಿಕೆ: ನಿಮ್ಮ ಬಲ್ಬುಗಳ ಜಿಗ್‌ಬೀ ಜಾಲ ಬೇರೆ, ಮೀಟರಿನ ಜಾಲ ಬೇರೆ. ಹೆಸರು ಒಂದೇ ಆದರೂ ಮೀಟರಿನದು ತನ್ನದೇ ಬೀಗದ ಕೈ ಇರುವ ಮುಚ್ಚಿದ ಜಾಲ. ಹಾಗಾಗಿ ನಿಮ್ಮ ಪ್ಲಗ್ ಅದಕ್ಕೆ ಸೇತುವೆ ಆಗುವುದಿಲ್ಲ, ಕಂಪನಿಯೇ ರಿಪೀಟರ್ ಕೊಡಬೇಕು. ಬ್ರಿಟನ್ನಿನಲ್ಲೂ ಮೀಟರ್ ಜೊತೆ ಕೊಡುವ ಡಿಸ್‌ಪ್ಲೇ ಜಿಗ್‌ಬೀಯದೇ. ಕರೆಂಟ್ ರೀಡಿಂಗ್ 10 ಸೆಕೆಂಡಿಗೊಮ್ಮೆ ಬದಲಾಗುತ್ತದೆ, ಗ್ಯಾಸ್ ಮಾತ್ರ ಅರ್ಧ ಗಂಟೆಗೊಮ್ಮೆ. ಗ್ಯಾಸ್ ಮೀಟರ್ ಬ್ಯಾಟರಿಯಲ್ಲಿ ನಡೆಯುವುದರಿಂದ ಪದೇಪದೇ ಮಾತಾಡಿದರೆ ಬ್ಯಾಟರಿ ಮುಗಿಯುತ್ತದೆ.

ಬಾಡಿಗೆ ಮನೆ:

ನಡುವೆ ಒಂದು ಪ್ರಶ್ನೆ. ಎಲ್ಲ ಕಂಪನಿಯ ಸಾಧನಗಳಿಗೂ ಒಂದೇ ಮಾನದಂಡ ಅಂತ ಹೇಳುವ ಮ್ಯಾಟರ್ ಬಂದ ಮೇಲೆ ಇದೆಲ್ಲ ಒಂದಾಗುತ್ತದೆ ಅಂದಿದ್ದರಲ್ಲ? ಬಾಡಿಗೆ ಮನೆಯಲ್ಲಿ ಗೋಡೆಯ ಸ್ವಿಚ್ ಮುಟ್ಟೋಕೆ ಆಗಲ್ಲ, ಪ್ಲಗ್ ಮಾತ್ರ ಬಳಸುವವಳು ನಾನು. ಏನು ಕೊಳ್ಳಲಿ?

ಮೆಶ್ ಮೇಸ್ತ್ರಿ:

ಮ್ಯಾಟರ್ ರೇಡಿಯೋ ಅಲ್ಲ, ಸಾಧನಗಳು ಆಡುವ ಭಾಷೆ. ವೈಫೈ ಮೇಲೂ ಓಡುತ್ತದೆ, ಥ್ರೆಡ್ ಮೇಲೂ ಓಡುತ್ತದೆ. ಮೊದಲ ಆವೃತ್ತಿ 2022ರ ಅಕ್ಟೋಬರ್‌ನಲ್ಲಿ ಬಂತು. ನಮ್ಮ ಈ ಚರ್ಚೆಗೆ ಹತ್ತಿರವಾದದ್ದು 2024ರ ಮೇ ತಿಂಗಳ 1.3 ಆವೃತ್ತಿ. ಸಾಧನ ತಾನು ಎಷ್ಟು ಕರೆಂಟ್ ಬಳಸಿದೆ ಅಂತ ಒಂದೇ ರೀತಿಯಲ್ಲಿ ಹೇಳುವ ವ್ಯವಸ್ಥೆ ಅದರಲ್ಲಿ ಸೇರಿತು. ಅದೇ ವರ್ಷದ ನವೆಂಬರ್‌ನ 1.4ರಲ್ಲಿ ವಾಟರ್ ಹೀಟರ್, ಸೌರ ಫಲಕ, ಬ್ಯಾಟರಿಗಳೂ ಬಂದವು. ಆದರೆ ಆವೃತ್ತಿ ಬಂತು ಅಂದ ಮಾತ್ರಕ್ಕೆ ಪ್ಲಗ್‌ಗೂ ಆ ಗುಣ ಬಂತು ಅಂತಲ್ಲ. ಕೊಳ್ಳುವಾಗ "ವಿದ್ಯುತ್ ಬಳಕೆ ಅಳೆಯುತ್ತದೆ" ಅಂತ ಪೆಟ್ಟಿಗೆ ಮೇಲೆ ಇದೆಯಾ ನೋಡಿ. ಇಂಟರ್‌ನೆಟ್ ಹೋದಾಗಲೂ ಮನೆಯೊಳಗೆ ನಡೆಯಬೇಕು, ಅದೂ ಮುಖ್ಯ.

ಬಾಗಿಲ ಚಿಲಕ:

ಆ ಕೊನೆಯ ಸಾಲಿಗೆ ಸೇರಿಸುತ್ತೇನೆ. ರಿವಾಲ್ವ್ ಅನ್ನುವ ಹಬ್ ಇತ್ತು. ಅದನ್ನು ಸ್ಮಾರ್ಟ್ ಥರ್ಮೋಸ್ಟಾಟ್ ಮಾಡುವ ನೆಸ್ಟ್ ಕಂಪನಿ ಕೊಂಡುಕೊಂಡಿತು. 2016ರ ಮೇಯಲ್ಲಿ ಸರ್ವರ್ ನಿಲ್ಲಿಸಿದಾಗ ಜನ ದುಡ್ಡು ಕೊಟ್ಟು ತಂದಿದ್ದ ಹಬ್‌ಗಳೆಲ್ಲ ಸುಮ್ಮನೆ ಡಬ್ಬಿಗಳಾದವು. ಮನೆಯ ಸಾಧನ ಹತ್ತು ವರ್ಷ ಬಾಳಬೇಕು ಅಂದರೆ ಅದರ ಬುದ್ಧಿ ಮನೆಯೊಳಗೇ ಇರಬೇಕು. ಮತ್ತೆ ಎಲ್ಲರೂ ಡೀಫಾಲ್ಟ್ ಪಾಸ್‌ವರ್ಡ್ ಬದಲಾಯಿಸಿ. 2016ರ ಮಿರೈ ಅನ್ನುವ ಹ್ಯಾಕಿಂಗ್ ದಾಳಿ ಮನೆಮನೆಯ ಕ್ಯಾಮೆರಾ, ರೂಟರ್‌ಗಳನ್ನು ಹಿಡಿದದ್ದು ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡ್‌ಗಳಿಂದಲೇ.

ಲೆಕ್ಕದ ಪುಸ್ತಕ:

ಪ್ಲಗ್ ಕೊಳ್ಳುವವರಿಗೆ ಇನ್ನೊಂದು ಲೆಕ್ಕ. ಒಂದು ವೈಫೈ ಪ್ಲಗ್ ತಾನೇ 1 ವ್ಯಾಟ್ ತಿಂದರೆ ವರ್ಷಕ್ಕೆ 8.76 ಯೂನಿಟ್. ಹನ್ನೆರಡು ಪ್ಲಗ್ ಇದ್ದರೆ 105 ಯೂನಿಟ್. ಫೋನ್ ಚಾರ್ಜರ್‌ನ ಕರೆಂಟ್ ಉಳಿಸಲು ಪ್ಲಗ್ ಹಾಕಿದರೆ ನಷ್ಟವೇ ಹೊರತು ಲಾಭ ಇಲ್ಲ. ದೊಡ್ಡದಾಗಿ ಎಳೆಯುವ ಕಡೆ ಮಾತ್ರ ಹಾಕಿ. ಅಲ್ಲೂ ಆಂಪಿಯರ್ ನೋಡಿ. 3 ಕಿಲೊವ್ಯಾಟ್ ಹೀಟರ್ 230 ವೋಲ್ಟ್‌ನಲ್ಲಿ 13 ಆಂಪಿಯರ್ ಎಳೆಯುತ್ತದೆ. 10 ಆಂಪಿಯರ್ ಪ್ಲಗ್ ಹಾಕಿದರೆ ಕರಗಿ ಹೋಗಬಹುದು. ಇದು ತಮಾಷೆಯ ವಿಷಯ ಅಲ್ಲ, ಗೀಸರ್ ಸ್ವಿಚ್ಚನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ.

ನೀರ್ಗಂಟಿ:

ಎಲ್ಲರೂ ಕರೆಂಟ್ ಬಗ್ಗೆಯೇ ಹೇಳುತ್ತಿದ್ದೀರಿ. ನನ್ನ ಮಟ್ಟಿಗೆ ವೈರ್‌ಲೆಸ್ ಮೀಟರಿನ ನಿಜವಾದ ಉಪಕಾರ ನೀರಿನಲ್ಲಿದೆ.

ನಮ್ಮ ನೀರಿನ ಮೀಟರ್ ಗಂಟೆಗೊಂದು ರೀಡಿಂಗ್ ಇಡುತ್ತದೆ. 24 ಗಂಟೆಯಲ್ಲಿ ಒಂದು ಗಂಟೆಯಾದರೂ ಹರಿವು ಸೊನ್ನೆಗೆ ಬರದಿದ್ದರೆ ಅದು ಸೋರಿಕೆಯ ಗುರುತು. ಯಾಕಂದರೆ ಎಲ್ಲರೂ ಮಲಗಿರುವಾಗ ಯಾರೂ ನಲ್ಲಿ ತಿರುಗಿಸುವುದಿಲ್ಲ. ನಮ್ಮಲ್ಲಿ ಹಾಗೆ ಗೊತ್ತಾದದ್ದು ಶೌಚದ ಫ್ಲಶ್ ಟ್ಯಾಂಕ್. ಒಳಗಿನ ರಬ್ಬರ್ ಸವೆದು ಸದ್ದಿಲ್ಲದೆ ಗಂಟೆಗೆ 12 ಲೀಟರ್ ಹೋಗುತ್ತಿತ್ತು. ದಿನಕ್ಕೆ 288 ಲೀಟರ್! ಕಣ್ಣಿಗೆ ಕಾಣುತ್ತಿರಲಿಲ್ಲ, ಕಿವಿಗೆ ಕೇಳುತ್ತಿರಲಿಲ್ಲ.

ನನಗೆ ಬೇಜಾರಾದದ್ದು ಇಷ್ಟು. ಮೀಟರ್ ಈ ಗುರುತನ್ನು ನೀರಿನ ಕಚೇರಿಗೆ ಐದು ವಾರದಿಂದ ಕಳಿಸುತ್ತಲೇ ಇತ್ತು. ಯಾರೂ ನಮಗೆ ಒಂದು ಮೆಸೇಜ್ ಹಾಕಲಿಲ್ಲ. ಬಿಲ್ ನೋಡಿ ನಾನೇ ಹೋಗಿ ಕೇಳಿದಾಗ ಅಲ್ಲಿನ ಹುಡುಗಿ ಪರದೆ ತಿರುಗಿಸಿ ತೋರಿಸಿದಳು. ದಿನ ದಿನಕ್ಕೂ ಒಂದು ಕೆಂಪು ಚುಕ್ಕಿ, ಸಾಲಾಗಿ. ಅವಳಿಗೂ ಪಾಪ ಬೇಸರವಾಯಿತು. ಗ್ರಾಹಕರ ಜೊತೆ ಸಂಪರ್ಕ ಅಂತ ದೊಡ್ಡ ಮಾತು ಆಡುತ್ತಾರಲ್ಲ, ಆ ಮೊದಲನೇ ಕೆಂಪು ಚುಕ್ಕಿಯ ದಿನ ಬರುವ ಒಂದು ಮೆಸೇಜೇ ನಿಜವಾದ ಸಂಪರ್ಕ.

ಹಳೆ ಮೀಟರ್:

ನೀರ್ಗಂಟಿ ಅವರೇ, ಓದಿ ಬೇಸರವಾಯಿತು. ಆಶ್ಚರ್ಯ ಆಗಲಿಲ್ಲ. ಬಿಲ್ ಮಾಡುವ ವಿಭಾಗ ಒಂದು, ಮೀಟರ್ ನೋಡುವ ವಿಭಾಗ ಇನ್ನೊಂದು. ಎರಡರ ನಡುವೆ ಮಾತಿಲ್ಲ.

ಕಂಪನಿಗಳು ಕಳಿಸುವ ಮೆಸೇಜ್ ಬಗ್ಗೆ ಒಂದು ಒಳ್ಳೆಯ ಪಾಠ ಇದೆ. 2007ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಂಶೋಧಕರು ಮನೆಗಳಿಗೆ "ನಿಮ್ಮ ನೆರೆಯವರ ಸರಾಸರಿ ಇಷ್ಟು, ನಿಮ್ಮದು ಇಷ್ಟು" ಅಂತ ಚೀಟಿ ಕೊಟ್ಟ ಪ್ರಯೋಗ ಪ್ರಕಟವಾಯಿತು. ಜಾಸ್ತಿ ಬಳಸುವವರು ಕಡಿಮೆ ಮಾಡಿದರು. ಆದರೆ ಕಡಿಮೆ ಬಳಸುತ್ತಿದ್ದವರು ಜಾಸ್ತಿ ಮಾಡಿದರು! ಚೀಟಿಯ ಮೇಲೆ ಒಂದು ನಗುಮುಖ ಬರೆದು ಮೆಚ್ಚುಗೆ ತೋರಿಸಿದಾಗ ಆ ಏರಿಕೆ ನಿಂತಿತು. ಆಮೇಲೆ ಇದೇ ಉಪಾಯವನ್ನು ಅಮೆರಿಕದಲ್ಲಿ ದೊಡ್ಡದಾಗಿ ಮಾಡಿದರು. ಸುಮಾರು 6 ಲಕ್ಷ ಮನೆಗಳ ಮಾಹಿತಿ ನೋಡಿ ಅರ್ಥಶಾಸ್ತ್ರಜ್ಞ ಹಂಟ್ ಆಲ್ಕಾಟ್ 2011ರಲ್ಲಿ ಬರೆದ ಪ್ರಕಾರ, ಸರಾಸರಿ ಉಳಿತಾಯ ಶೇಕಡಾ 2. ಒಂದು ಮನೆಗೆ ಚಿಕ್ಕದು. ಊರಿಗೆಲ್ಲ ಸೇರಿಸಿದರೆ ಬಹಳ.

ಬಾಡಿಗೆ ಮನೆ:

ಆದರೆ ನೆರೆಯವರ ಜೊತೆ ಹೋಲಿಸುವುದು ನನಗೆ ಇಷ್ಟ ಆಗಲ್ಲ. ನಮ್ಮ ಮನೆಯಲ್ಲಿ ಮಗುವಿಗೆ ಉಸಿರಾಟದ ಯಂತ್ರ ರಾತ್ರಿಯಿಡೀ ಓಡುತ್ತದೆ. ತಿಂಗಳು ತಿಂಗಳು "ನೀವು ನೆರೆಯವರಿಗಿಂತ ಜಾಸ್ತಿ" ಅಂತ ಚೀಟಿ ಬಂದರೆ ಹೇಗನ್ನಿಸುತ್ತದೆ ಹೇಳಿ. ಹೋಲಿಸುವುದಾದರೆ ನನ್ನ ಹೋದ ತಿಂಗಳ ಜೊತೆ ನನ್ನನ್ನು ಹೋಲಿಸಲಿ.

ಹಳೆ ಮೀಟರ್:

ನೀವು ಹೇಳಿದ್ದು ಸರಿ. ನಾನು ಆ ಕಡೆಯಿಂದ ಯೋಚಿಸಿರಲಿಲ್ಲ, ಕ್ಷಮಿಸಿ. ವೈದ್ಯಕೀಯ ಯಂತ್ರ ಇರುವ ಮನೆ ಅಂತ ಕಂಪನಿಯಲ್ಲಿ ಬರಹದಲ್ಲಿ ನೋಂದಾಯಿಸಲು ಆಗುತ್ತದಾ ವಿಚಾರಿಸಿ. ದೂರದಿಂದ ಆರಿಸುವ ಯೋಜನೆಗೆ ಆ ಪ್ಲಗ್ ಯಾವತ್ತೂ ಸೇರಬಾರದು.

ಮೊದಲ ಮಹಡಿ:

ಏಳು ವಾರ ಆಯಿತು. ನಡೆದದ್ದು ಹೇಳುತ್ತೇನೆ.

ಸೇರಿದೆವು. ಎಲೆಕ್ಟ್ರಿಷಿಯನ್ ಸ್ವಿಚ್ ಹಾಕಿದ ದಿನವೇ ನಾನು ರೂಟರ್ ಆರಿಸಿ, ಬಟನ್ ಒತ್ತಿ ನೋಡಿದೆ. ಗೀಸರ್ ಹತ್ತಿತು. ಅಮ್ಮನಿಗೂ ಆ ಬಟನ್ ತೋರಿಸಿ, ಅವರ ಕೈಯಿಂದಲೇ ಎರಡು ಸಲ ಒತ್ತಿಸಿದೆ. ಡಿಸ್‌ಪ್ಲೇ ಮೊದಲು ಸತ್ತಂತೆ ಇತ್ತು. ಮೇಸ್ತ್ರಿಯವರು ಹೇಳಿದ ಹಾಗೆ ಮೆಟ್ಟಿಲ ಗೋಡೆಯ ಪಕ್ಕ ಇಟ್ಟೆ, ಕಂಪನಿಯವರು ಒಂದು ರಿಪೀಟರೂ ಕೊಟ್ಟರು. ಈಗ ನಿಲ್ಲದೆ ಬರುತ್ತಿದೆ.

ಆ ಡಿಸ್‌ಪ್ಲೇಯಿಂದ ಗೊತ್ತಾದದ್ದು ನಾನು ಅಂದುಕೊಂಡೇ ಇರಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೂ 210 ವ್ಯಾಟ್ ತೋರಿಸುತ್ತಿತ್ತು. ದಿನಕ್ಕೆ 5 ಯೂನಿಟ್ ಸುಮ್ನೆ ಹೋಗುವ ಲೆಕ್ಕ. ಒಂದೊಂದೇ ಸ್ವಿಚ್ ಆರಿಸುತ್ತಾ ಬಂದೆ. ಫ್ರಿಜ್ ಆರಿಸಿದಾಗ ಒಮ್ಮೆಲೇ 85ಕ್ಕೆ ಇಳಿಯಿತು. ಫ್ರಿಜ್ ನಡುನಡುವೆ ನಿಲ್ಲಬೇಕು ಅಲ್ವಾ, ನಮ್ಮದು ನಿಲ್ಲುತ್ತಲೇ ಇರಲಿಲ್ಲ. ಬಾಗಿಲಿನ ರಬ್ಬರ್ ಒಂದು ಮೂಲೆಯಲ್ಲಿ ಬಿಟ್ಟಿತ್ತು. ಬದಲಾಯಿಸಿದ ಮೇಲೆ ಅರ್ಧಕ್ಕಿಂತ ಹೆಚ್ಚು ಹೊತ್ತು ಸುಮ್ಮನಿರುತ್ತದೆ.

ಗೀಸರನ್ನು ಇದುವರೆಗೆ ಮೂರು ಸಲ ಆರಿಸಿದ್ದಾರೆ. ಎರಡು ಸಲ ಮುಂಚೆಯೇ ಮೆಸೇಜ್ ಬಂತು, ಕಾಯಿಸಿಟ್ಟೆವು, ಏನೂ ತೊಂದರೆ ಆಗಲಿಲ್ಲ. ಮೂರನೇ ಸಲ ಮೆಸೇಜ್ ತಡವಾಗಿ ಬಂತು. ನಾನು ಹೊರಗಿದ್ದೆ. ಗಾಬರಿಯಾಗಿ ಫೋನ್ ಮಾಡಿದರೆ ಅಮ್ಮ, "ನೀರು ತಣ್ಣಗಿತ್ತು, ಬಟನ್ ಒತ್ತಿದೆ, ಬಂತು" ಅಂದರು. ಅಷ್ಟೇ.

ತಡವಾದ ಮೆಸೇಜ್ ಬಗ್ಗೆ ದೂರು ಕೊಟ್ಟಿದ್ದೇನೆ. ಬಾಗಿಲ ಚಿಲಕ ಅವರೇ, ನಿಮ್ಮ ಮಾತು ನೆನಪಿತ್ತು. ನಮ್ಮ ರೀಡಿಂಗ್‌ಗಳನ್ನು ಎಷ್ಟು ವರ್ಷ ಇಡುತ್ತಾರೆ, ಯಾರಿಗೆ ಕೊಡುತ್ತಾರೆ ಅಂತಲೂ ಅದೇ ಪತ್ರದಲ್ಲಿ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಬಂದ ದಿನ ಇಲ್ಲೇ ಹಾಕುತ್ತೇನೆ.

ಬಾಗಿಲ ಚಿಲಕ:

ಕಾಯುತ್ತಿರುತ್ತೇನೆ. ಒಂದು ತಿಂಗಳಲ್ಲಿ ಬರದಿದ್ದರೆ ಹೇಳಿ, ಎರಡನೇ ಪತ್ರ ಬರೆಯಲು ನಾನೂ ಜೊತೆಗಿರುತ್ತೇನೆ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.